‘ಹಾರ್ಟ್ ಅಲ್ಲ’ ಎಂದರೆ ಸಾಲದು

ರಾತ್ರಿ ಹನ್ನೊಂದರ ಸಮಯ. ಕುಶಾಲನಗರದ ಹೆದ್ದಾರಿಯಿಂದ ಸ್ವಲ್ಪ ಒಳಗಿನ ಒಂದು ಮನೆ. ಐವತ್ತೆರಡು ವರ್ಷದ ಯಜಮಾನರಿಗೆ ಮಲಗಿದ ಅರ್ಧ ಗಂಟೆಗೆಲ್ಲ ಎದೆಯ ನಡುವೆ ಉರಿ ಶುರುವಾಯಿತು. ಅದರ ಹಿಂದೆಯೇ ಯಾರೋ ಕೈಯಿಟ್ಟು ಒತ್ತಿದಂಥ ಬಿಗಿತ. ಎದ್ದು ಕುಳಿತರು. ಮೈ ಸ್ವಲ್ಪ ಬೆವರಿತು. “ಏನಿಲ್ಲ ಕಣೇ, ಮಧ್ಯಾಹ್ನ ಮದುವೆಮನೆ ಊಟ ಹೆಚ್ಚಾಯ್ತು. ಗ್ಯಾಸ್ಟ್ರಿಕ್ ಅಷ್ಟೆ” ಎಂದರು. ಹೆಂಡತಿ ಜೀರಿಗೆ ಕಷಾಯ ಕಾಯಿಸಿದರು. ಮಗ ಈನೋ ಕಲಸಿ ತಂದ. ಸದ್ದು ಕೇಳಿ ಬಂದ ಪಕ್ಕದ ಮನೆಯವರು ಬೆನ್ನು ನೀವಿ, “ಸೋಡಾ ಕುಡೀರಿ, ಒಂದು ತೇಗು ಬಂದರೆ ಎಲ್ಲಾ ಸರಿಹೋಗುತ್ತೆ” ಎಂದರು. ಹೀಗೇ ಒಂದೂವರೆ ಗಂಟೆ ಕಳೆಯಿತು. ಕಡೆಗೆ ಮಗಳು ಹಟ ಹಿಡಿದು ಆಟೋ ಕರೆಸಿದಳು.

ಇಸಿಜಿ ತೆಗೆದೆವು. ಸರಿಯಾಗಿಯೇ ಇತ್ತು. ಆದರೂ ಅವರನ್ನು ಬಿಡಲಿಲ್ಲ. ಸ್ವಲ್ಪ ಹೊತ್ತಿನ ನಂತರ ಇನ್ನೊಂದು ಇಸಿಜಿ, ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ರಕ್ತಪರೀಕ್ಷೆ. ಬೆಳಗಾಗುವಷ್ಟರಲ್ಲಿ ಚಿತ್ರ ಸ್ಪಷ್ಟವಾಯಿತು. ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಮೇಲೇರಿ ಬಂದದ್ದೇ ಈ ನೋವಿಗೆ ಕಾರಣ. ಅವರಿಗೆ ಸಂತೋಷವಾಗಬೇಕಿತ್ತು. ಆದದ್ದು ನಾಚಿಕೆ. “ಸುಮ್ಮನೆ ನಿಮ್ಮ ನಿದ್ದೆ ಕೆಡಿಸಿದೆವು ಡಾಕ್ಟ್ರೇ. ನಾನು ಆಗಲೇ ಹೇಳಿದ್ದೆ ಗ್ಯಾಸ್ಟ್ರಿಕ್ ಅಂತ” ಎನ್ನುತ್ತಾ ಮಗಳ ಕಡೆ ನೋಡಿದರು. ಆ ಹುಡುಗಿ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು.

ಈ ವಾರದ ಅಂಕಣವನ್ನು ಆ ಹುಡುಗಿಯ ಪರವಾಗಿ ಬರೆಯುತ್ತಿದ್ದೇನೆ. ಅವಳು ಮಾಡಿದ್ದೇ ಸರಿ. ತಪ್ಪೇನಾದರೂ ಇದ್ದರೆ ಕಷಾಯ, ಈನೋ, ಸೋಡಾಗಳಲ್ಲಿ ಕಳೆದ ಆ ಒಂದೂವರೆ ಗಂಟೆಯಲ್ಲಿದೆ.

ಎದೆನೋವೆಂದು ತುರ್ತು ಚಿಕಿತ್ಸಾ ಘಟಕಕ್ಕೆ ಬರುವವರಲ್ಲಿ ಹೆಚ್ಚಿನವರಿಗೆ ಹೃದಯಾಘಾತ ಆಗಿರುವುದಿಲ್ಲ. ಇದು ನಮ್ಮ ಊರಿನಲ್ಲಷ್ಟೇ ಅಲ್ಲ, ಜಗತ್ತಿನ ಯಾವ ಊರಿನಲ್ಲಾದರೂ ನಿಜ. ಎದೆಯ ಗೂಡಿನಲ್ಲಿರುವುದು ಹೃದಯವೊಂದೇ ಅಲ್ಲವಲ್ಲ. ಶ್ವಾಸಕೋಶಗಳಿವೆ, ಅವುಗಳ ಮೇಲಿನ ಪೊರೆಯಿದೆ, ಅನ್ನನಾಳವಿದೆ, ಹೃದಯದಿಂದ ಹೊರಡುವ ಮಹಾಪಧಮನಿಯಿದೆ, ಪಕ್ಕೆಲುಬು, ಸ್ನಾಯು, ನರಗಳಿವೆ. ಕೆಳಗೆ ಹೊಟ್ಟೆಯಲ್ಲಿರುವ ಪಿತ್ತಕೋಶ, ಮೇದೋಜೀರಕ ಗ್ರಂಥಿಗಳು ಸಹ ತಮ್ಮ ನೋವನ್ನು ಮೇಲಕ್ಕೆ ಕಳಿಸಬಲ್ಲವು. ಒಳಗಿನ ಅಂಗಗಳ ನೋವನ್ನು ಮಿದುಳು ಬೆರಳಿಟ್ಟು ಗುರುತಿಸಲಾರದು. ಕೈಬೆರಳಿಗೆ ಮುಳ್ಳು ಚುಚ್ಚಿದರೆ ಎಲ್ಲಿ ಎಂದು ತಕ್ಷಣ ಗೊತ್ತಾಗುತ್ತದೆ. ಅನ್ನನಾಳದ ಉರಿಯೋ ಹೃದಯದ ಸಂಕಟವೋ ಎಂಬುದು ಹಾಗೆ ಗೊತ್ತಾಗುವುದಿಲ್ಲ. ಎರಡರ ಸುದ್ದಿಯೂ ಬೆನ್ನುಹುರಿಯ ಹೆಚ್ಚುಕಡಿಮೆ ಅದೇ ಹಾದಿಯಲ್ಲಿ ಮಿದುಳಿಗೆ ಹೋಗುತ್ತದೆ.

ಹಾಗಾಗಿ ಮನೆಯಲ್ಲಿ ಕುಳಿತು ಇದು ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸುವವರ ಬಗ್ಗೆ ನನಗೆ ತಕರಾರಿದೆ. ಆ ಪದವೇ ವಿಚಿತ್ರ. ಇಂಗ್ಲಿಷಿನಲ್ಲಿ ಅದಕ್ಕೆ ‘ಜಠರಕ್ಕೆ ಸಂಬಂಧಿಸಿದ’ ಎಂದಷ್ಟೇ ಅರ್ಥ. ಕನ್ನಡಕ್ಕೆ ಬಂದ ಮೇಲೆ ಅದೇ ಒಂದು ರೋಗವಾಗಿ ಕೂತಿದೆ. ತಲೆನೋವಿಗೂ ಗ್ಯಾಸ್ಟ್ರಿಕ್, ಬೆನ್ನುನೋವಿಗೂ ಗ್ಯಾಸ್ಟ್ರಿಕ್, ಎಡಗೈ ಸೆಳೆದರೂ ಗ್ಯಾಸ್ಟ್ರಿಕ್. ಈ ಚಟಕ್ಕೆ ನಮ್ಮ ವೃತ್ತಿಯವರ ಕೊಡುಗೆಯೂ ಇದೆ. ಇಸಿಜಿ ಕಾಗದದ ಮೇಲೆ ಕಣ್ಣಾಡಿಸಿ, “ಹಾರ್ಟ್ ಅಲ್ಲ, ಗ್ಯಾಸ್ಟ್ರಿಕ್” ಎಂದು ಒಂದು ಇಂಜೆಕ್ಷನ್ ಕೊಟ್ಟು ಕಳಿಸುವುದನ್ನು ನಾವೇ ಅಭ್ಯಾಸ ಮಾಡಿಸಿದ್ದೇವೆ.

ಆ ಇಂಜೆಕ್ಷನ್ನಿನಿಂದ ನೋವು ಕಡಿಮೆಯಾಯಿತಲ್ಲ ಎಂದು ಕೆಲವರು ವಾದಿಸುತ್ತಾರೆ. ಅದರಿಂದ ಏನೂ ಸಿದ್ಧವಾಗುವುದಿಲ್ಲ. ಹೃದಯದ ನೋವು ತಾನಾಗಿಯೇ ಕೆಲವು ನಿಮಿಷಗಳಲ್ಲಿ ಇಳಿಯಬಹುದು. ಅದೇ ಹೊತ್ತಿಗೆ ಕುಡಿದ ಈನೋಗೆ ಕೀರ್ತಿ ಸಿಗುತ್ತದೆ. ಇದರ ವಿರುದ್ಧದ ತಪ್ಪೂ ಉಂಟು. ನಾಲಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆಯಿಂದ ನೋವು ಹೋದರೆ ಅದು ಹೃದಯದ್ದೇ ಎಂದು ತಿಳಿಯುತ್ತಾರೆ. ಆದರೆ ಆ ಮಾತ್ರೆ ಅನ್ನನಾಳದ ಸೆಳೆತವನ್ನೂ ಸಡಿಲಿಸುತ್ತದೆ. ಮಾತ್ರೆಗೆ ನೋವು ಬಗ್ಗಿತೋ ಇಲ್ಲವೋ ಎಂಬುದರಿಂದ ರೋಗ ಪತ್ತೆ ಮಾಡಲು ಹೊರಟರೆ ಎರಡು ಕಡೆಯೂ ಮೋಸಹೋಗುತ್ತೇವೆ.

ಕಾಫಿ ಕುಯ್ಲಿನ ಕಾಲದಲ್ಲಿ, ಅಂದರೆ ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ನಮ್ಮಲ್ಲಿ ಒಂದು ಬಗೆಯ ಎದೆನೋವು ಹೆಚ್ಚಾಗಿ ಕಾಣುತ್ತದೆ. ಕಾಫಿ ವರ್ಕ್ಸ್‌ಗಳಲ್ಲಿ 50 ಕಿಲೋ ಚೀಲಗಳನ್ನು ದಿನವಿಡೀ ಹೊತ್ತು ಲಾರಿಗೆ ಏರಿಸುವವರು, ಶುಂಠಿ ಮೂಟೆ ಎತ್ತುವವರು ಎದೆ ಹಿಡಿದುಕೊಂಡು ಬರುತ್ತಾರೆ. ಪಕ್ಕೆಲುಬುಗಳು ಎದೆಯ ನಡುಮೂಳೆಗೆ ಸೇರುವ ಜಾಗದಲ್ಲಿ ಮೃದ್ವಸ್ಥಿ ಇರುತ್ತದೆ. ಅತಿಯಾದ ದುಡಿಮೆಯಿಂದ, ಕೆಲವೊಮ್ಮೆ ವಾರಗಟ್ಟಲೆ ಕಾಡಿದ ಕೆಮ್ಮಿನಿಂದ, ಅಲ್ಲಿ ಊತ ಬಂದು ನೋಯುತ್ತದೆ. ಆ ಜಾಗದ ಮೇಲೆ ಬೆರಳಿಟ್ಟು ಒತ್ತಿದರೆ “ಅಯ್ಯೋ, ಅದೇ ಸಾರ್” ಎನ್ನುತ್ತಾರೆ. ಹೊರಳಿದರೆ, ಕೈ ಎತ್ತಿದರೆ, ಉಸಿರೆಳೆದರೆ ಹೆಚ್ಚಾಗುತ್ತದೆ. ಬಿಸಿ ಶಾಖ, ಕೆಲವು ದಿನ ನೋವಿನ ಮಾತ್ರೆ, ಹೊರೆಯಿಂದ ಬಿಡುವು ಸಿಕ್ಕರೆ ವಾಸಿಯಾಗುತ್ತದೆ. ದಿನಗೂಲಿಯವರಿಗೆ ಬಿಡುವು ಎಂಬ ಔಷಧಿಯನ್ನು ಬರೆದುಕೊಡುವುದು ಸುಲಭ, ಕೊಳ್ಳುವುದು ಕಷ್ಟ. ಅದು ಬೇರೆ ಮಾತು. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಒತ್ತಿದರೆ ನೋಯುವ ಎದೆಯಲ್ಲಿ ಹೃದಯಾಘಾತದ ಸಂಭವ ಕಡಿಮೆಯೇ ಹೊರತು ಇಲ್ಲವೆಂದಲ್ಲ. ಮೂಟೆ ಹೊರುವವನಿಗೂ ಹೃದಯವಿದೆ. ಬೀಡಿ ಸೇದುವವನಾದರೆ ಆ ಹೃದಯದ ಬಗ್ಗೆ ಇನ್ನೂ ಹೆಚ್ಚು ಯೋಚಿಸಬೇಕು.

ಇನ್ನೊಂದು ನೋವು ವಯಸ್ಸಾದವರದು. ಎದೆಯ ಒಂದೇ ಪಕ್ಕದಲ್ಲಿ, ಬೆನ್ನಿನಿಂದ ಮುಂದಕ್ಕೆ ಪಟ್ಟಿ ಕಟ್ಟಿದಂತೆ ಉರಿ. ಬಟ್ಟೆ ಸೋಕಿದರೂ ಸಹಿಸಲಾಗದು. ಇಸಿಜಿ, ಎಕ್ಸ್-ರೇ ಎಲ್ಲವೂ ಸರಿ. ಎರಡು ಮೂರು ದಿನ ಕಳೆದ ಮೇಲೆ ಅದೇ ಜಾಗದಲ್ಲಿ ನೀರ್ಗುಳ್ಳೆಗಳ ಸಾಲು ಏಳುತ್ತದೆ. ಅದು ಸರ್ಪಸುತ್ತು. ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸು ನರದ ಬುಡದಲ್ಲಿ ಅಡಗಿದ್ದು, ಮೈಯ ಶಕ್ತಿ ಕುಗ್ಗಿದಾಗ ಮತ್ತೆ ತಲೆಯೆತ್ತುತ್ತದೆ. ಸರ್ಪದ ತಲೆ ಬಾಲ ಕೂಡಿದರೆ ಸಾವು ಎಂಬ ಹೆದರಿಕೆಗೆ ಆಧಾರವಿಲ್ಲ. ಕೆಮ್ಮಣ್ಣು ಬಳಿಸಿಕೊಂಡು ಮನೆಯಲ್ಲಿ ಕೂರುವುದರಿಂದ ಆಗುವ ನಷ್ಟ ಮಾತ್ರ ನಿಜವಾದದ್ದು. ಗುಳ್ಳೆ ಕಂಡ 72 ಗಂಟೆಗಳೊಳಗೆ ವೈರಸ್ಸಿನ ವಿರುದ್ಧದ ಮಾತ್ರೆ ಶುರುಮಾಡಿದರೆ ಹೆಚ್ಚು ಉಪಯೋಗ. ಆ ಅವಧಿಯೇ ಮಣ್ಣಿನಡಿಯಲ್ಲಿ ಕಳೆದುಹೋಗುತ್ತದೆ. ಐವತ್ತು ದಾಟಿದವರಿಗೆ ಇದನ್ನು ತಡೆಯುವ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಬೆಲೆ ಮಾತ್ರ ಸಾಮಾನ್ಯರ ಕೈಗೆ ಎಟಕುವಂತಿಲ್ಲ.

ಇಷ್ಟನ್ನು ಓದಿ, ಹೃದಯದ್ದಲ್ಲದ ಎದೆನೋವೆಲ್ಲ ಸಾಧು ಪ್ರಾಣಿ ಎಂದು ತಿಳಿದರೆ ದೊಡ್ಡ ತಪ್ಪಾಗುತ್ತದೆ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು. ಸಿಸೇರಿಯನ್ ಆಗಿ ಎರಡು ವಾರವಾಗಿದ್ದ ಬಾಣಂತಿಯೊಬ್ಬರನ್ನು ಆಕೆಯ ತಾಯಿ ಕರೆತಂದರು. ಉಸಿರೆಳೆದರೆ ಬಲ ಎದೆಯಲ್ಲಿ ಚುಚ್ಚುತ್ತದೆ ಎಂದರು. ಇಸಿಜಿಯಲ್ಲಿ ನಾಡಿ ಸ್ವಲ್ಪ ವೇಗವಾಗಿದ್ದುದು ಬಿಟ್ಟರೆ ಬೇರೇನೂ ಕಾಣಲಿಲ್ಲ. ವಯಸ್ಸು ಚಿಕ್ಕದು. “ಹಾರ್ಟ್ ಅಲ್ಲಮ್ಮ, ನಿದ್ದೆಗೆಟ್ಟಿದ್ದೀರಿ, ಗ್ಯಾಸು” ಎಂದು ಕಳಿಸಿಬಿಟ್ಟೆ. ನಾನು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಹೃದಯಾಘಾತ ಅಲ್ಲವೇ ಅಲ್ಲ. ಸಂಜೆ ಆಕೆಯನ್ನು ಮತ್ತೆ ತಂದಾಗ ಮಾತನಾಡಲು ಉಸಿರಿರಲಿಲ್ಲ. ಆಗ ಸೀರೆ ಸರಿಸಿ ನೋಡಿದರೆ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ಎದ್ದುಕಾಣುವಷ್ಟು ದಪ್ಪವಾಗಿತ್ತು. ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಕಳಚಿ ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಆಮ್ಲಜನಕ ಕೊಟ್ಟು ಮೈಸೂರಿಗೆ ಕಳಿಸಿದೆವು. ಆಕೆಯ ಪುಣ್ಯ, ನನ್ನ ಪುಣ್ಯವೂ ಹೌದು, ಬದುಕಿಕೊಂಡರು. ಬೆಳಗ್ಗೆ ನಾನು ಕಾಲು ನೋಡಿರಲಿಲ್ಲ.

ಹೆರಿಗೆಯ ನಂತರ, ದೊಡ್ಡ ಶಸ್ತ್ರಚಿಕಿತ್ಸೆಯ ನಂತರ, ಕಾಲು ಮುರಿದು ಹಾಸಿಗೆ ಹಿಡಿದವರಲ್ಲಿ, ಕ್ಯಾನ್ಸರ್ ಇರುವವರಲ್ಲಿ ಇದ್ದಕ್ಕಿದ್ದಂತೆ ಎದೆನೋವು, ಏದುಸಿರು ಬಂದರೆ ಮೊದಲು ನೆನಪಾಗಬೇಕಾದದ್ದು ಇದು. ತೆಳ್ಳಗೆ ಎತ್ತರಕ್ಕೆ ಬೆಳೆದ ಹುಡುಗರಲ್ಲಿ, ಅದರಲ್ಲೂ ಸಿಗರೇಟು ಸೇದುವವರಲ್ಲಿ, ಒಂದು ಪಕ್ಕದ ಶ್ವಾಸಕೋಶ ತೂತಾಗಿ ಗಾಳಿ ಹೊರಗೆ ಸೋರಿ ಎದೆಗೂಡಿನಲ್ಲಿ ತುಂಬಿಕೊಳ್ಳಬಹುದು. ಹಿಂದೆ ಕ್ಷಯ ಬಂದವರಲ್ಲೂ ಹೀಗಾಗುತ್ತದೆ. ಒಂದು ಎಕ್ಸ್-ರೇಯಿಂದ ತಿಳಿಯುವ ವಿಷಯವದು. ಜ್ವರ, ಕೆಮ್ಮಿನೊಂದಿಗೆ ಉಸಿರೆಳೆದಾಗ ಚುಚ್ಚುವ ನೋವಿದ್ದರೆ ನ್ಯುಮೋನಿಯ ಇರಬಹುದು. ಹೃದಯದ ಸುತ್ತಲಿನ ಪೊರೆಗೆ ಉರಿಯೂತ ಬಂದರೆ ಮಲಗಿದಾಗ ನೋವು ಹೆಚ್ಚುತ್ತದೆ, ಮುಂದಕ್ಕೆ ಬಾಗಿ ಕುಳಿತರೆ ತಗ್ಗುತ್ತದೆ. ವಿಪರೀತ ವಾಂತಿಯ ಬೆನ್ನಲ್ಲೇ ಎದೆ ಸೀಳುವಂಥ ನೋವು ಬಂದರೆ ಅನ್ನನಾಳವೇ ಹರಿದಿರಬಹುದು. ಅಪರೂಪವಾದರೂ ಶಸ್ತ್ರಚಿಕಿತ್ಸೆಗೆ ತಡವಾದರೆ ಜೀವ ಉಳಿಯುವುದು ಕಷ್ಟ.

ಎಲ್ಲಕ್ಕಿಂತ ಮೋಸದ್ದು ಮಹಾಪಧಮನಿಯ ಒಳಪದರ ಸೀಳುವ ರೋಗ. ವರ್ಷಗಟ್ಟಲೆ ರಕ್ತದೊತ್ತಡವಿದ್ದೂ ಮಾತ್ರೆ ನುಂಗದವರಲ್ಲಿ ಹೆಚ್ಚು. ಒಮ್ಮೆಗೇ, ಶುರುವಾದ ಕ್ಷಣದಲ್ಲೇ ಅತಿ ತೀವ್ರವಾಗಿ, ಬಟ್ಟೆ ಹರಿದಂತೆ ಎದೆಯಿಂದ ಬೆನ್ನಿನ ನಡುವಿಗೆ ನೋವು ಓಡುತ್ತದೆ. ಎರಡು ಕೈಗಳಲ್ಲಿ ರಕ್ತದೊತ್ತಡ ಬೇರೆ ಬೇರೆ ಇರಬಹುದು. ಇದನ್ನು ಹೃದಯಾಘಾತವೆಂದು ತಪ್ಪಾಗಿ ತಿಳಿದು ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರೆ ರೋಗಿಯ ಪ್ರಾಣಕ್ಕೇ ಕುತ್ತು. ಎದೆನೋವು ಬಂದ ಕೂಡಲೇ ಇಂಥಿಂಥ ಮಾತ್ರೆಗಳನ್ನು ನುಂಗಿಸಿ ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಸಂದೇಶಗಳನ್ನು ಕಂಡರೆ ನನಗೆ ಭಯವಾಗುವುದು ಈ ಕಾರಣಕ್ಕೆ. ಆಸ್ಪಿರಿನ್ ಹೃದಯಾಘಾತದಲ್ಲಿ ಜೀವ ಉಳಿಸುವ ಔಷಧಿ ನಿಜ. ಆದರೆ ಅದನ್ನು ಕೊಡಬೇಕೇ ಬೇಡವೇ ಎಂದು ಫೋನಿನಲ್ಲಾದರೂ ವೈದ್ಯರನ್ನೋ 108ರ ಸಿಬ್ಬಂದಿಯನ್ನೋ ಕೇಳಿ ಕೊಡಿ. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂಬ ಸಂದೇಶವನ್ನಂತೂ ಅಳಿಸಿಬಿಡಿ.

ಇನ್ನು ಭಯದ ವಿಷಯ. ಇದು ನಮ್ಮ ಸುತ್ತಮುತ್ತ ಚೆನ್ನಾಗಿಯೇ ಅನುಭವಕ್ಕೆ ಬಂದಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ರಾಜ್ಯದ ಆಸ್ಪತ್ರೆಗಳ ಮುಂದೆ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. 2025ರ ಮೇ, ಜೂನ್ ತಿಂಗಳುಗಳಲ್ಲಿ ನೆರೆಯ ಹಾಸನ ಜಿಲ್ಲೆಯಿಂದ ಒಂದರ ಮೇಲೊಂದು ಹೃದಯಾಘಾತದ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಬೆಳಗಿನ ಜಾವದಿಂದಲೇ ಸಾಲು ನಿಲ್ಲತೊಡಗಿತು. ಅರಕಲಗೂಡು ಕಡೆಯ ಸುದ್ದಿ ನಮಗೆ ಪಕ್ಕದ ಊರಿನದಾದ್ದರಿಂದ ಕುಶಾಲನಗರದವರೂ ಆ ಸಾಲಿನಲ್ಲಿ ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಹಾಸನದ 24 ಸಾವುಗಳನ್ನು ಪರಿಶೀಲಿಸಿತು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಅಸಹಜ ಏರಿಕೆ ಕಾಣಲಿಲ್ಲವೆಂದು ಜುಲೈನಲ್ಲಿ ವರದಿ ಬಂತು. ಹೃದಯಾಘಾತವೆಂದು ಲೆಕ್ಕಕ್ಕೆ ಸೇರಿದ್ದ ಆ ಸಾವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವಾಗಿರಲೇ ಇಲ್ಲ. ಸತ್ತ ಮೇಲೂ ನಾವು ಎಷ್ಟು ಬೇಗ ಹೆಸರು ಹಚ್ಚುತ್ತೇವೆ ನೋಡಿ.

ಆ ವಾರಗಳಲ್ಲಿ ನಮ್ಮಲ್ಲಿಗೆ ಬಂದವರಲ್ಲಿ ಗಾಬರಿಯಿಂದಲೇ ಎದೆನೋವು ಬಂದವರು ಅನೇಕರಿದ್ದರು. ಎದೆ ಡವಡವ, ಕೈಬೆರಳು ಜೋಮು, ಉಸಿರು ಸಿಕ್ಕಿದಂತಾಗುವುದು, ಈಗಲೇ ಸತ್ತೆ ಎಂಬ ಭೀತಿ. ಹತ್ತಿಪ್ಪತ್ತು ನಿಮಿಷಗಳಲ್ಲಿ ತುತ್ತತುದಿಗೇರಿ ಆಮೇಲೆ ಇಳಿಯುತ್ತದೆ. ಇಂಥವರನ್ನು “ಏನೂ ಇಲ್ಲ, ನಾಟಕ” ಎಂದು ಗದರುವ ಮನೆಯವರನ್ನೂ, ಕ್ಷಮಿಸಿ, ಕೆಲವು ವೈದ್ಯರನ್ನೂ ಕಂಡಿದ್ದೇನೆ. ನೋವು ನಾಟಕವಲ್ಲ. ಗಾಬರಿಯಲ್ಲಿ ಅತಿಯಾಗಿ ಉಸಿರಾಡಿದರೆ ರಕ್ತದ ಇಂಗಾಲದ ಡೈ ಆಕ್ಸೈಡ್ ತಗ್ಗಿ ಬೆರಳು ಜೋಮು ಹಿಡಿಯುವುದು, ಎದೆಯ ಸ್ನಾಯು ಬಿಗಿಯುವುದು ದೇಹದಲ್ಲಿ ನಿಜವಾಗಿ ನಡೆಯುವ ಕ್ರಿಯೆಗಳು. ಇದಕ್ಕೆ ಚಿಕಿತ್ಸೆ ಇದೆ. ಅದನ್ನು ಹೇಳದೆ ಕಳಿಸಿದರೆ ಅವರು ಮುಂದಿನ ವಾರ ಇನ್ನೊಂದು ಆಸ್ಪತ್ರೆಯಲ್ಲಿ ಇನ್ನೊಂದು ಇಸಿಜಿಗೆ ದುಡ್ಡು ಕಟ್ಟುತ್ತಿರುತ್ತಾರೆ.

ನನ್ನ ಅಭಿಪ್ರಾಯ ಇಷ್ಟೆ. ತುರ್ತು ಘಟಕದ ಕೆಲಸ “ಹಾರ್ಟ್ ಅಲ್ಲ” ಎಂಬಲ್ಲಿಗೆ ಮುಗಿಯಬಾರದು. ಎದೆನೋವಿನವರು ಬಾಗಿಲು ದಾಟಿದ ಹತ್ತು ನಿಮಿಷಗಳೊಳಗೆ ಇಸಿಜಿ ತೆಗೆಯಬೇಕೆಂಬುದು ಎಲ್ಲರೂ ಒಪ್ಪಿದ ನಿಯಮ. ಆದರೆ ಮೊದಲ ಇಸಿಜಿ ಸರಿಯಿದ್ದೂ ಹೃದಯಾಘಾತ ನಡೆಯುತ್ತಿರಬಹುದು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನು ಏರಲು ಕೆಲವು ಗಂಟೆಗಳು ಬೇಕು. ಹಾಗಾಗಿ ಎರಡನ್ನೂ ಮತ್ತೊಮ್ಮೆ ನೋಡದೆ ತೀರ್ಪು ಕೊಡುವಂತಿಲ್ಲ. ಆಮೇಲೆ ಈ ನೋವಿಗೆ ಕಾರಣವೇನು, ಏನು ಮಾಡಬೇಕು, ಏನಾದರೆ ಮತ್ತೆ ಬರಬೇಕು ಎಂಬುದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಬೇಕು. ಕಾರಣ ಖಚಿತವಾಗದಿದ್ದರೆ ಅದನ್ನೂ ಬರೆಯಬೇಕು. ಅದರಲ್ಲಿ ಅವಮಾನವಿಲ್ಲ. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2021ರಲ್ಲಿ ಹೊರಡಿಸಿದ ಎದೆನೋವಿನ ಮಾರ್ಗಸೂಚಿಯಲ್ಲಿ ‘ವಿಲಕ್ಷಣ ಎದೆನೋವು’ ಎಂಬ ಹಳೆಯ ಪದವನ್ನೇ ಕೈಬಿಡಲು ಹೇಳಿದರು. ಹೃದಯದ್ದು, ಹೃದಯದ್ದಿರಬಹುದು, ಹೃದಯದ್ದಲ್ಲ, ಈ ಮೂರರಲ್ಲಿ ಒಂದನ್ನು ಬರೆಯಿರಿ ಎಂದರು. ವಿಲಕ್ಷಣ ಎಂದು ಬರೆದರೆ ಎಲ್ಲರೂ ಅದನ್ನು ‘ಏನೂ ಇಲ್ಲ’ ಎಂದೇ ಓದುತ್ತಿದ್ದರು. ಅದರಿಂದ ಹೆಚ್ಚು ಮೋಸಹೋಗುತ್ತಿದ್ದವರು ಹೆಂಗಸರು. ಹೆಂಗಸರು, ಸಕ್ಕರೆ ಕಾಯಿಲೆಯವರು, ವಯೋವೃದ್ಧರಲ್ಲಿ ಹೃದಯಾಘಾತ ಬರೀ ಸುಸ್ತು, ಏದುಸಿರು, ವಾಕರಿಕೆ, ದವಡೆ ನೋವಾಗಿ ಬರಬಹುದು. ಅಡುಗೆಮನೆಯಲ್ಲಿ ಅದಕ್ಕೂ ಓಮದ ನೀರೇ ಮದ್ದು.

ಕುಶಾಲನಗರದವರಿಗೆ ದೂರದ ಲೆಕ್ಕವೂ ಗೊತ್ತಿರಬೇಕು. ಮೈಸೂರು ಸುಮಾರು 90 ಕಿಲೋಮೀಟರ್. ರಕ್ತನಾಳವನ್ನು ಬಲೂನಿನಿಂದ ತೆರೆಯುವ ಚಿಕಿತ್ಸೆ ಎರಡು ಗಂಟೆಯೊಳಗೆ ಸಿಗುವಂತಿಲ್ಲದಿದ್ದರೆ ಮೊದಲು ಹತ್ತಿರದಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ಆಮೇಲೆ ಕಳಿಸಬೇಕು. ಮಡಿಕೇರಿ ಸುಮಾರು 30 ಕಿಲೋಮೀಟರ್. ಮಳೆಗಾಲದ ಘಾಟಿಯಲ್ಲಿ ಅದೂ ದೂರವೇ. ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು 2019ರ ಜೂನ್‌ನಲ್ಲಿ ಇಲ್ಲಿನ ಯುವಕರು ಜಾಲತಾಣಗಳಲ್ಲಿ ಎಬ್ಬಿಸಿದ ಕೂಗು ನೆನಪಿರಬಹುದು. ಹೆದ್ದಾರಿಯಲ್ಲಿ ಆಂಬ್ಯುಲೆನ್ಸಿನೊಳಗೇ ಕಣ್ಣುಮುಚ್ಚಿದವರ ನೋವು ಆ ಕೂಗಿನಲ್ಲಿತ್ತು. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ಹೆಸರಿನಲ್ಲೇ ‘ಹೃದಯ ಜ್ಯೋತಿ’ ಯೋಜನೆ ಆರಂಭಿಸಿತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೂಡಲೇ ನೋಡಿ ಹೇಳುವುದು, ಬೇಕಾದವರಿಗೆ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ವ್ಯವಸ್ಥೆ. ಒಳ್ಳೆಯ ಯೋಜನೆ. ಅದರ ಜೊತೆಗೆ ರಾತ್ರಿ ಹೊತ್ತು ಎಕ್ಸ್-ರೇ ತೆಗೆಯುವವರು, ಟ್ರೋಪೋನಿನ್ ನೋಡುವ ಪ್ರಯೋಗಾಲಯ ಇಲ್ಲದಿದ್ದರೆ ಹೃದಯದ್ದಲ್ಲದ ನೋವಿನವರಿಗೆ ಅರ್ಧ ಉತ್ತರವಷ್ಟೇ ಸಿಗುತ್ತದೆ ಎಂಬುದು ನನ್ನ ದೂರು. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಏನೇನು ಸಿಗುತ್ತದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ಹೋಗಿ ಕೇಳಿಟ್ಟುಕೊಳ್ಳಿ.

ಎದೆಯಲ್ಲಿ ಹೊಸದಾಗಿ ಬಂದ ಒತ್ತಡ, ಬಿಗಿತ, ಉರಿ ಹತ್ತು ಹದಿನೈದು ನಿಮಿಷದಲ್ಲಿ ಹೋಗದಿದ್ದರೆ, ಅಥವಾ ಬೆವರು, ಏದುಸಿರು, ತಲೆಸುತ್ತು ಜೊತೆಗಿದ್ದರೆ ಕಾಯದೆ 108ಕ್ಕೆ ಫೋನ್ ಮಾಡಿ. ರೋಗಿ ತಾನೇ ಬೈಕು ಓಡಿಸಿಕೊಂಡು ಬರುವುದು ಬೇಡ. ನಮ್ಮೂರಲ್ಲಿ ಅದೊಂದು ಶೌರ್ಯವಾಗಿದೆ. ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ತನ್ನಿ. ಹಿಂದೆ ತೆಗೆಸಿದ ಇಸಿಜಿ ಇದ್ದರೆ ಅದನ್ನಂತೂ ಮರೆಯದೆ ತನ್ನಿ. ಇವತ್ತಿನ ಗೆರೆ ಹಳೆಯದೋ ಹೊಸದೋ ಎಂದು ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆ ರಾತ್ರಿ ‘ಸುಮ್ಮನೆ’ ತೆಗೆಸಿದ ಕಾಗದಕ್ಕೆ ಇಷ್ಟು ಬೆಲೆಯಿದೆ.

ಮೊದಲು ಹೇಳಿದ ಯಜಮಾನರು ನಾಲ್ಕು ತಿಂಗಳ ನಂತರ ಮತ್ತೆ ಬಂದರು. ಈ ಸಲ ನೋವು ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಮಗಳು ಹಳೆಯ ಇಸಿಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದಳು. ಪಕ್ಕಪಕ್ಕ ಇಟ್ಟು ನೋಡಿದೆ, ವ್ಯತ್ಯಾಸವಿರಲಿಲ್ಲ. ಎರಡು ಸಲದ ಟ್ರೋಪೋನಿನ್ನೂ ಸರಿಯಿತ್ತು. ಮತ್ತೆ ಆಮ್ಲದ್ದೇ ಕಾಟ. ರಾತ್ರಿ ಊಟ ಬೇಗ ಮಾಡಿ, ಉಂಡ ಮೂರು ಗಂಟೆ ಮಲಗಬೇಡಿ, ಮಂಚದ ತಲೆಭಾಗ ಎತ್ತರಿಸಿ ಎಂದು ಬರೆದುಕೊಟ್ಟೆ. ಅವರು ಚೀಟಿಯನ್ನು ಎರಡು ಸಲ ಓದಿ, “ಕಾಫಿ ಕುಡಿಯಬಹುದಾ ಡಾಕ್ಟ್ರೇ?” ಎಂದು ಕೇಳಿದರು. ಕೊಡಗಿನವರಿಗೆ ಕಾಫಿ ಪೂರಾ ಬಿಡಿ ಎನ್ನುವ ಧೈರ್ಯ ನನಗಿಲ್ಲ. ರಾತ್ರಿ ಊಟದ ಮೇಲಿನ ಲೋಟವನ್ನು ಮಾತ್ರ ಬಿಡಿ ಎಂದೆ.